ಕ್ಯಾಲ್ಕುಲೇಟರ್ ಪರೀಕ್ಷೆಗೆ ಒತ್ತಿದ 123456789

ಹೊಸ ಕ್ಯಾಲ್ಕುಲೇಟರ್ ಕೈಗೆ ಬಂದರೆ ನಾನು ಮೊದಲು ಒತ್ತುವುದು 123456789. ಗುಂಡಿಗಳೆಲ್ಲ ಸರಿಯಾಗಿವೆಯಾ ಅಂತ ನೋಡಲು, ಅಷ್ಟೇ. ಕಳೆದ ತಿಂಗಳು ಜ್ವರ ಬಂದು ಮೂರು ದಿನ ಮಲಗಿದ್ದೆ. ಹೊತ್ತು ಹೋಗುತ್ತಿರಲಿಲ್ಲ. ಇಷ್ಟು ವರ್ಷ ಒತ್ತಿದ್ದೇನೆ, ಇದು ಯಾವುದರಿಂದ ಭಾಗವಾಗುತ್ತದೆ ಅಂತ ಒಮ್ಮೆಯೂ ನೋಡಿಲ್ಲವಲ್ಲ ಅನಿಸಿತು.

ಶುರು ಸುಲಭ. ಅಂಕಿಗಳನ್ನು ಕೂಡಿದರೆ 45. ಹಾಗಾಗಿ 9ರಿಂದ ಭಾಗವಾಗಲೇಬೇಕು. 1ರಿಂದ 9ರವರೆಗಿನ ಅಂಕಿಗಳನ್ನು ಒಂದೊಂದು ಸಲ ಹೇಗೆ ಕಲಸಿ ಬರೆದರೂ ಮೊತ್ತ ಅದೇ 45, ಅಂದರೆ ಅಂಥ ಒಂದು ಸಂಖ್ಯೆಯೂ ಅವಿಭಾಜ್ಯವಾಗಲು ಸಾಧ್ಯವಿಲ್ಲ. 9ರಿಂದ ಭಾಗಿಸಿದೆ. 13717421 ಉಳಿಯಿತು.

ಅದು ಮಾತ್ರ ಜಗ್ಗಲಿಲ್ಲ. 7 ಇಲ್ಲ, 11 ಇಲ್ಲ, 13 ಇಲ್ಲ. ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋದೆ. ವರ್ಗಮೂಲ 3703ರ ಆಸುಪಾಸು, ಅಲ್ಲಿಯವರೆಗೆ ಹೋದರೆ ಸಾಕು. ಮೊದಲ ದಿನ 1000 ದಾಟಿದೆ. ಮರುದಿನ ಸಂಜೆಗೆ 3571, ಅದು 500ನೇ ಅವಿಭಾಜ್ಯ. 13717421 ಕೂಡ ಅವಿಭಾಜ್ಯವೇ ಇರಬೇಕು ಅಂತ ಬಿಟ್ಟುಬಿಡುವುದರಲ್ಲಿದ್ದೆ. ಇನ್ನು ನಾಲ್ಕು ಹೆಜ್ಜೆಗೆ 3607 ಸಿಕ್ಕಿತು! ಶೇಷ ಸೊನ್ನೆ. ಭಾಗಲಬ್ಧ 3803, ಅದೂ ಅವಿಭಾಜ್ಯ.

123456789 = 3 × 3 × 3607 × 3803.

ಖುಷಿಯಲ್ಲಿ ಗಣಿತ ಕಲಿಸುವ ಗೆಳೆಯನಿಗೆ ಫೋನ್ ಮಾಡಿದೆ. "ಎರಡು ದಿನ ಬೇಕಾಯ್ತಾ?" ಅಂತ ನಕ್ಕ. "ಫ್ರೆಂಚ್ ಗಣಿತಜ್ಞ ಫರ್ಮಾನ ದಾರಿ ಹಿಡಿಯಬೇಕಿತ್ತು ಮಾರಾಯ. ವರ್ಗಮೂಲದ ಮುಂದಿನ ಸಂಖ್ಯೆಯ ವರ್ಗ ತೆಗೆದು, ಅದರಿಂದ ನಿನ್ನ ಸಂಖ್ಯೆ ಕಳೆ. ಉಳಿದದ್ದು ಪೂರ್ಣ ವರ್ಗ ಅಲ್ವಾ ನೋಡು. ಅಲ್ಲದಿದ್ದರೆ ಒಂದು ಮುಂದೆ ಹೋಗು. ಆದರೆ ಮುಗಿಯಿತು, ಎರಡು ವರ್ಗಗಳ ಮೂಲಗಳನ್ನು ಕಳೆದರೆ ಒಂದು ಅಪವರ್ತನ, ಕೂಡಿದರೆ ಇನ್ನೊಂದು."

3704ರ ವರ್ಗದಿಂದ ಕಳೆದರೆ 2195. ಪೂರ್ಣ ವರ್ಗ ಅಲ್ಲ. 3705ರ ವರ್ಗ 13727025, ಕಳೆದರೆ 9604. ಅದು 98ರ ವರ್ಗ! 3705ರಿಂದ 98 ಕಳೆದರೆ 3607, ಕೂಡಿದರೆ 3803. ಎರಡನೇ ಪ್ರಯತ್ನಕ್ಕೇ ಮುಗಿಯಿತು. ಎರಡು ಅಪವರ್ತನಗಳು ಅಕ್ಕಪಕ್ಕದಲ್ಲೇ ಇದ್ದದ್ದೇ ಕಾರಣ. 1643ರಲ್ಲಿ ಫರ್ಮಾ ಹೀಗೇ 2027651281ನ್ನು 44021 × 46061 ಅಂತ ಒಡೆದಿದ್ದ, ಹನ್ನೆರಡನೇ ಪ್ರಯತ್ನದಲ್ಲಿ.

(ಇನ್ನೊಂದು ಮಜಾ. ನಮ್ಮ ಸಂಖ್ಯೆಯನ್ನು 2, 4, 5, 7, 8ರಿಂದ ಗುಣಿಸಿ ನೋಡಿ. ಪ್ರತಿ ಸಲವೂ ಅದೇ ಒಂಬತ್ತು ಅಂಕಿಗಳು ಜಾಗ ಬದಲಿಸಿಕೊಂಡು ಬರುತ್ತವೆ. ಆದರೆ 3ರಿಂದ ಗುಣಿಸಿದರೆ 370370367, ಆಟ ಕೆಡುತ್ತದೆ.)

ಹುಮ್ಮಸ್ಸಿನಲ್ಲಿ 987654321 ಹಿಡಿದೆ. 9 ಹೋಯಿತು, 17 ಎರಡು ಸಲ ಹೋಯಿತು, 379721 ಉಳಿಯಿತು. ಈ ಸಲ ಜಾಣನಾಗಿ ನೇರ ಫರ್ಮಾ ದಾರಿಗೇ ಇಳಿದೆ. 617, 618, 619... ನಲವತ್ತು ಸಲ ಮಾಡಿದರೂ ಪೂರ್ಣ ವರ್ಗ ಬರಲಿಲ್ಲ. ಮತ್ತೆ ಗೆಳೆಯನಿಗೆ ಫೋನ್. ಅವನು ಈ ಸಲ ಜೋರಾಗಿಯೇ ನಕ್ಕ. 379721 ಅವಿಭಾಜ್ಯವಂತೆ. ನನ್ನ ಹಳೇ ದಾರಿಯಲ್ಲಿ 112 ಭಾಗಾಕಾರಕ್ಕೆ ಅದು ಗೊತ್ತಾಗುತ್ತಿತ್ತು. ಫರ್ಮಾ ದಾರಿಯಲ್ಲೇ ಹೋಗಿದ್ದರೆ 1,89,245 ಪ್ರಯತ್ನ, ಯಾಕೆಂದರೆ ಇದರ ಅಪವರ್ತನಗಳು 1 ಮತ್ತು 379721 ಮಾತ್ರ, ಒಂದಕ್ಕೊಂದು ಬಹಳ ದೂರ!