ಡ್ಯೂಟಿ ಚಾರ್ಟ್‌ನಲ್ಲಿ ಇಲ್ಲದ ಕಾಲಂ

ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನಾನು ವಾರ್ಡ್ ಇನ್‌ಚಾರ್ಜ್ ಸಿಸ್ಟರ್. ಹೆಸರು ದೊಡ್ಡದು. ಕೆಲಸ ಏನಪ್ಪಾ ಅಂದರೆ ಔಷಧಿ ಇಂಡೆಂಟ್ ಹಾಕುವುದು, ಬೆಡ್‌ಶೀಟ್ ಲೆಕ್ಕ ಇಡುವುದು, ಡಾಕ್ಟರ್ ಹತ್ತಿರವೂ ರೋಗಿಗಳ ಕಡೆಯವರ ಹತ್ತಿರವೂ ಬೈಸಿಕೊಳ್ಳುವುದು, ಮತ್ತೆ ವಾರಕ್ಕೊಮ್ಮೆ ಡ್ಯೂಟಿ ಚಾರ್ಟ್ ಬರೆಯುವುದು. ಎಂಟರಿಂದ ಎರಡು, ಎರಡರಿಂದ ಎಂಟು, ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ಮೂರು ಖಾನೆ. ವರ್ಷಗಟ್ಟಲೆ ಈ ಮೂರು ಖಾನೆಗೆ ಹೆಸರು ತುಂಬಿಸುತ್ತಾ ಬಂದಿದ್ದೇನೆ. ಪೆನ್ಸಿಲಲ್ಲೇ ಬರೆಯುತ್ತೇನೆ. ಸೋಮವಾರ ಬರೆದದ್ದು ಬುಧವಾರದವರೆಗೆ ಉಳಿದರೆ ಪುಣ್ಯ.

ಚಾರ್ಟ್ ಬರೆಯುವುದರಲ್ಲಿ ನನ್ನದು ಪಳಗಿದ ಕೈ ಅನ್ನುವ ಜಂಬ ಇತ್ತು. ಅದು ಇಳಿದದ್ದು 2020ರಲ್ಲಿ.

ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ. 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. 27ಕ್ಕೆ ಶಿರಾದ 65 ವರ್ಷದವರೊಬ್ಬರು ಕೊರೊನಾದಿಂದ ತೀರಿಕೊಂಡರು. ರಾಜ್ಯದಲ್ಲಿ ಅದು ಮೂರನೇ ಸಾವು, ನಮ್ಮ ಜಿಲ್ಲೆಯಲ್ಲಿ ಮೊದಲನೆಯದು. ಅಲ್ಲಿವರೆಗೆ ಟಿವಿಯಲ್ಲಿ ನೋಡುತ್ತಿದ್ದದ್ದು ಮನೆ ಬಾಗಿಲಿಗೇ ಬಂದಂತಾಯಿತು. ನಮ್ಮ ತಲೆಯೆಲ್ಲಾ ಮಾಸ್ಕ್, ಪಿಪಿಇ ಕಿಟ್, ಬೆಡ್ ಎಷ್ಟಿವೆ ಅನ್ನುವುದರಲ್ಲೇ ಇತ್ತು. ಅಷ್ಟರಲ್ಲಾಗಲೇ ಶಾಲೆ, ಅಂಗನವಾಡಿ ಎರಡೂ ಮುಚ್ಚಿದ್ದವು. ಅದು ನಮ್ಮ ವಾರ್ಡಿನ ಸಮಸ್ಯೆ ಅಂತ ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ನನ್ನ ಮಗ ಆಗ ಡಿಗ್ರಿ ಓದುತ್ತಿದ್ದ. ಅವನು ಚಿಕ್ಕವನಿದ್ದಾಗ ಮನೆಯಲ್ಲಿ ಅತ್ತೆ ಇದ್ದರು. ಮಗೂನ ಯಾರು ನೋಡ್ಕೋತಾರೆ ಅನ್ನುವ ಪ್ರಶ್ನೆ ನನಗೆ ಯಾವತ್ತೂ ಬಿದ್ದಿರಲೇ ಇಲ್ಲ. ಬೀಳದ ಪ್ರಶ್ನೆಯನ್ನು ಬೇರೆಯವರಿಗೆ ಎಲ್ಲಿಂದ ಕೇಳುವುದು?

ನಮ್ಮ ವಾರ್ಡಿನಲ್ಲಿ ಒಬ್ಬ ಆಯಾ ಇದ್ದಳು. ಕಂಟ್ರಾಕ್ಟ್ ಕೆಲಸ. ಗಂಡ ಬಿಟ್ಟುಹೋಗಿದ್ದ. ಮಾತು ಕಡಿಮೆ, ಕೆಲಸ ಚೊಕ್ಕ. ಬೆಡ್‌ಪ್ಯಾನ್ ತೆಗೆಯುವಾಗಲೂ ಮುಖ ಸಿಂಡರಿಸದವಳು. ಆ ವರ್ಷದ ಮಳೆಗಾಲದಲ್ಲಿ ಒಂದೇ ವಾರದಲ್ಲಿ ಮೂರು ಸಲ ಲೇಟಾಗಿ ಬಂದಳು. ಒಮ್ಮೆ ನಲವತ್ತು ನಿಮಿಷ, ಒಮ್ಮೆ ಒಂದು ಗಂಟೆ. ಕೇಳಿದರೆ "ಆಯ್ತು ಸಿಸ್ಟರ್, ಇನ್ಮೇಲೆ ಆಗಲ್ಲ" ಅಂದಳು, ಅಷ್ಟೇ. ಮೂರನೇ ಸಲ ನಾನು ಮೆಮೊ ಬರೆದೆ. ಕಂಟ್ರಾಕ್ಟರ್‌ಗೂ ಒಂದು ಕಾಪಿ ಹೋಯಿತು. ಎರಡು ದಿನದ ಕೂಲಿ ಕಟ್ ಆಯಿತು ಅಂತ ಆಮೇಲೆ ಗೊತ್ತಾಯಿತು. ಅವಳು ಮೆಮೊ ಕೈಗೆ ತಗೊಂಡು, ಮಡಿಸಿ, ಬ್ಲೌಸ್‌ನೊಳಗೆ ಇಟ್ಟುಕೊಂಡು ಮಾಪ್ ಹಿಡಿದುಕೊಂಡು ಹೋದಳು.

ಕಾರಣ ನನಗೆ ಹೇಳಿದ್ದು ಅವಳಲ್ಲ, ಇನ್ನೊಬ್ಬ ಆಯಾ. ಇವಳಿಗೆ ಇಬ್ಬರು ಮಕ್ಕಳು. ಹುಡುಗಿಗೆ ಒಂಬತ್ತು, ಹುಡುಗನಿಗೆ ಮೂರು. ಮುಂಚೆ ಹುಡುಗಿ ಶಾಲೆಗೆ ಹೋಗುತ್ತಿದ್ದಳು, ಹುಡುಗ ಅಂಗನವಾಡಿಗೆ. ಅದು ನಿಂತ ಮೇಲೆ ಪಕ್ಕದ ಮನೆಯವರು ಒಂದು ಕಣ್ಣಿಟ್ಟಿರುತ್ತಿದ್ದರು. ಇವಳು ಕೊರೊನಾ ವಾರ್ಡಿಗೆ ಹೋಗ್ತಾಳೆ ಅಂತ ಗೊತ್ತಾದ ದಿನವೇ ಅವರು ಬಾಗಿಲು ಹಾಕಿಕೊಂಡರು. ಬೈಯಲೂ ಆಗಲ್ಲ, ಅವರ ಮನೆಯಲ್ಲೂ ಎಂಬತ್ತರ ಮುದುಕಿ ಇದ್ದಳು.

ನಾನು ಅವಳನ್ನು ಕರೆದು ಕೂರಿಸಿ ಕೇಳಿದೆ. ಆಗ ಬಾಯಿ ಬಿಟ್ಟಳು.

"ಹೊರಗಿಂದ ಬೀಗ ಹಾಕ್ಬಿಟ್ಟು ಬರ್ತೀನಿ ಸಿಸ್ಟರ್. ಕೀನ ಕಿಟಕಿಯಿಂದ ಮಗಳ ಕೈಗೇ ಕೊಟ್ಟಿರ್ತೀನಿ. ಏನಾದ್ರೂ ಆದ್ರೆ ದಾರೀಲಿ ಹೋಗೋರಿಗೆ ಕೊಟ್ಟು ತೆಗೆಸ್ಕೋ ಅಂತ. ಗ್ಯಾಸ್ ರೆಗ್ಯುಲೇಟರ್ ಬಿಚ್ಚಿ ಮೇಲಿಡ್ತೀನಿ. ಚಿತ್ರಾನ್ನ ಡಬ್ಬೀಲಿ ಇರುತ್ತೆ."

"ಮತ್ತೆ ಲೇಟ್ ಯಾಕಮ್ಮಾ?"

"ಚಿಕ್ಕೋನು ಎದ್ದು ಕಕ್ಕಸಿಗೆ ಹೋಗೋ ತನಕ ಹೊರಡೋಕಾಗಲ್ಲ ಸಿಸ್ಟರ್. ವಠಾರದ್ದು ಕಕ್ಕಸು ಹೊರಗೈತೆ. ಬೀಗ ಹಾಕಿದ್ಮೇಲೆ ಅವಳು ಎಲ್ಲಿಗೆ ಕರ್ಕೊಂಡು ಹೋಗ್ತಾಳೆ?"

ನಾನು ಮೆಮೊ ಕೊಟ್ಟದ್ದು ಒಂದು ಮೂರು ವರ್ಷದ ಮಗು ಬೆಳಗ್ಗೆ ಸರಿಯಾದ ಹೊತ್ತಿಗೆ ಕಕ್ಕಸಿಗೆ ಹೋಗಲಿಲ್ಲ ಅಂತ.

ಆ ಮೆಮೊ ವಾಪಸ್ ತಗೊಂಡೆ. ಕಟ್ ಆದ ಕೂಲಿ ವಾಪಸ್ ಬರಲಿಲ್ಲ. ಅದನ್ನು ನನ್ನ ಕೈಯಿಂದ ಕೊಡಲು ಹೋದೆ, ಅವಳು ತಗೊಳ್ಳಲಿಲ್ಲ.

ಅವತ್ತು ಸಂಜೆ ಚಾರ್ಟ್ ಮುಂದಿಟ್ಟುಕೊಂಡು ಕೂತೆ. ಪ್ರತಿ ಹೆಸರಿನ ಮುಂದೆ ಸ್ಕೇಲ್ ಇಟ್ಟು ಒಂದು ಗೆರೆ ಎಳೆದೆ. ಇನ್ನೊಂದು ಕಾಲಂ. "ಮನೆಯಲ್ಲಿ ಮಗು ಯಾರ ಹತ್ತಿರ? ಎಷ್ಟು ಹೊತ್ತಿನವರೆಗೆ?" ಮರುದಿನದಿಂದ ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ.

ಕೇಳಿದ ಮೇಲೆ ಗೊತ್ತಾದದ್ದು ನನಗೆ ಆಶ್ಚರ್ಯ ತಂದಿತು. ನಾನು ಇವರೆಲ್ಲರಿಗೂ ಇಡೀ ದಿನದ ತೊಂದರೆ ಇರುತ್ತೆ, ರಜೆ ಕೇಳುತ್ತಾರೆ, ವಾರ್ಡ್ ಖಾಲಿ ಆಗುತ್ತೆ ಅಂತ ಹೆದರಿದ್ದೆ. ಆದರೆ ಹೆಚ್ಚಿನವರು ಹೇಗೋ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಅಜ್ಜಿ, ತಂಗಿ, ವರ್ಕ್ ಫ್ರಮ್ ಹೋಮ್ ಸಿಕ್ಕ ಗಂಡ. ಅವರ ಗೋಳೆಲ್ಲಾ ಇದ್ದದ್ದು ಎರಡು ಜನರ ಕೈ ಬದಲಾಗುವ ಸಣ್ಣ ಹೊತ್ತಿನಲ್ಲಿ. ಒಬ್ಬ ಸಿಸ್ಟರ್ ಗಂಡ ಪೊಲೀಸ್ ಕಾನ್‌ಸ್ಟೇಬಲ್. ಅವರ ನೈಟ್ ಡ್ಯೂಟಿ ಮುಗಿಯುವುದು ಬೆಳಗ್ಗೆ ಎಂಟಕ್ಕೆ, ಇವಳ ಮಾರ್ನಿಂಗ್ ಶುರುವಾಗುವುದೂ ಎಂಟಕ್ಕೆ. ಅವರು ಶಿರಾ ಗೇಟ್ ಕಡೆಯ ಚೆಕ್‌ಪೋಸ್ಟ್‌ನಿಂದ ಕ್ಯಾತ್ಸಂದ್ರದ ಮನೆಗೆ ಬಂದು, ಬಟ್ಟೆ ನೆನೆಹಾಕಿ, ಸ್ನಾನ ಮಾಡಿ ಮಗು ಎತ್ತಿಕೊಳ್ಳುವಷ್ಟರಲ್ಲಿ ಎಂಟೂ ಮುಕ್ಕಾಲು. ನಾಲ್ಕು ವರ್ಷದ ಮಗು ಅಷ್ಟು ಹೊತ್ತು ಏನು ಮಾಡಬೇಕು? ಆ ಸಿಸ್ಟರ್ ಎರಡು ವಾರ ತಲೆನೋವು, ಹೊಟ್ಟೆನೋವು ಅಂತ ರಜೆ ಹಾಕಿದ್ದಳು. ನನಗೆ ಬೇಕಿದ್ದದ್ದು ಅವಳ ಇಡೀ ದಿನ, ಅವಳಿಗೆ ಬೇಕಿದ್ದದ್ದು ನನ್ನ ಒಂದು ಗಂಟೆ.

ಅವಳಿಗೆ ಒಂಬತ್ತಕ್ಕೆ ಬರಲು ಹೇಳಿದೆ. ಬದಲಿಗೆ ಮೂರಕ್ಕೆ ಹೋಗಬೇಕು. ಹ್ಯಾಂಡೋವರ್ ಕೊಡಲು ನೈಟ್ ಸಿಸ್ಟರ್ ಒಂಬತ್ತರವರೆಗೆ ಉಳಿಯಬೇಕು, ಅವರಿಗೆ ರಾತ್ರಿ ಒಂಬತ್ತಕ್ಕೆ ಬರುವ ಅವಕಾಶ. ರಾತ್ರಿ ಆ ಒಂದು ಗಂಟೆ ನಾನೇ ನಿಲ್ಲುತ್ತಿದ್ದೆ. ಕಾಗದದ ಮೇಲೆ ಸುಲಭ. ಎಂಟು ದಿನಕ್ಕೇ ಜಗಳ ಬಂತು.

ಆ ನೈಟ್ ಸಿಸ್ಟರ್‌ಗೆ ಮದುವೆಯಾಗಿರಲಿಲ್ಲ. ಒಂದು ಬೆಳಗ್ಗೆ ನೇರವಾಗಿ ಕೇಳಿದಳು, "ಮಕ್ಕಳಿಲ್ಲದೋರೇ ಯಾವಾಗ್ಲೂ ಅಡ್ಜಸ್ಟ್ ಮಾಡ್ಕೋಬೇಕಾ ಸಿಸ್ಟರ್? ನಮ್ಮಪ್ಪಂಗೆ ವಾರಕ್ಕೆರಡು ಸಲ ಡಯಾಲಿಸಿಸ್. ನಾನೇ ಕರ್ಕೊಂಡು ಹೋಗಬೇಕು. ನೀವು ಕೇಳಿದ್ರಾ?"

ಕೇಳಿರಲಿಲ್ಲ. ಕಾಲಂನಲ್ಲಿ "ಮಗು" ಅಂತ ಬರೆದಿದ್ದೆನಲ್ಲ, ಹಾಗಾಗಿ ಮಗು ಇದ್ದವರನ್ನಷ್ಟೇ ಕೇಳಿದ್ದೆ. ರಬ್ಬರ್ ತಗೊಂಡು ಅಳಿಸಿ "ಮನೆಯಲ್ಲಿ ಯಾರನ್ನು ನೋಡಿಕೊಳ್ಳಬೇಕು" ಅಂತ ಬರೆದೆ. ಡಯಾಲಿಸಿಸ್ ದಿನ ಅವಳಿಗೆ ನೈಟ್ ಹಾಕುವುದಿಲ್ಲ ಅಂತ ಮಾತು ಕೊಟ್ಟೆ. ಅಷ್ಟಾದರೂ ಅವಳ ಮುಖ ಪೂರ್ತಿ ಸಡಿಲ ಆಗಲಿಲ್ಲ. ಅದೂ ಸರಿಯೇ. ಚಾರ್ಟ್‌ನಲ್ಲಿ ಒಬ್ಬರಿಗೆ ಕೊಟ್ಟ ಗಂಟೆ ಇನ್ನೊಬ್ಬರಿಂದಲೇ ಬರಬೇಕು. ಯಾರಿಗೂ ನೋವಾಗದ ಚಾರ್ಟ್ ಇದೆ ಅನ್ನುವವರು ಒಂದು ವಾರ ಬಂದು ಬರೆದು ನೋಡಲಿ.

ಅಜ್ಜ ಅಜ್ಜಿಯರ ವಿಷಯ ಬೇರೆಯೇ ಕಥೆ. 65 ದಾಟಿದವರು, 10 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮನೆಯಲ್ಲೇ ಇರಬೇಕು ಅಂತ ಕೇಂದ್ರದ ಲಾಕ್‌ಡೌನ್ ನಿಯಮ ಇತ್ತು. ಸರಿ, ಅವರೆಲ್ಲ ಮನೆಯಲ್ಲೇ ಇದ್ದರು. ಆ 65ರವರು ಆ 10ರೊಳಗಿನವರನ್ನು ನೋಡಿಕೊಳ್ಳುತ್ತಾ ಇದ್ದರು. ಇಬ್ಬರ ನಡುವೆ ದಿನಾ ಕೋವಿಡ್ ವಾರ್ಡಿನಿಂದ ಬರುವವಳು ನಮ್ಮ ಸಿಸ್ಟರ್. ಅಮ್ಮನಿಗೆ ಏನಾದ್ರೂ ಆದ್ರೆ ಅನ್ನುವ ಭಯಕ್ಕೆ ಎಷ್ಟೋ ಜನ ಅಂಗಳದಲ್ಲೇ ಸ್ನಾನ ಮಾಡಿ, ಹೊರಗಿನ ರೂಮಲ್ಲೇ ಮಲಗಿದರು. ಕೆಲವರು ಮಕ್ಕಳನ್ನೂ ಅಜ್ಜಿಯನ್ನೂ ಒಟ್ಟಿಗೆ ಊರಿಗೆ ಕಳಿಸಿಬಿಟ್ಟರು. ಮಧುಗಿರಿ ಕಡೆಯ ಹಳ್ಳಿಗೆ ಮಗಳನ್ನು ಕಳಿಸಿದ ಒಬ್ಬಳು ಎಪ್ಪತ್ತು ದಿನ ಆದ ಮೇಲೆ ನೋಡಲು ಹೋದಳು. ಮಗು ಅಜ್ಜಿಯ ಸೆರಗಿನ ಹಿಂದೆ ನಿಂತು "ಯಾರು?" ಅಂತ ಕೇಳಿತಂತೆ. ಮಾಸ್ಕ್ ಹಾಕಿದ್ದೆ ಅಲ್ವಾ ಸಿಸ್ಟರ್, ಅದಕ್ಕೇ ಇರಬೇಕು ಅಂತ ಅವಳೇ ಸಮಾಧಾನ ಮಾಡಿಕೊಂಡಳು.

ಆ ವರ್ಷ ಏಪ್ರಿಲ್‌ನಲ್ಲಿ ಬೆಳಗಾವಿಯ ಒಂದು ವಿಡಿಯೋ ಎಲ್ಲರ ಮೊಬೈಲ್‌ನಲ್ಲೂ ಓಡಾಡಿತ್ತು, ನೆನಪಿರಬಹುದು. ಅಪ್ಪನ ಬೈಕ್ ಮೇಲೆ ಕೂತ ಪುಟ್ಟ ಹುಡುಗಿ, ದೂರದಲ್ಲಿ ನಿಂತ ನರ್ಸ್ ಅಮ್ಮನನ್ನು ನೋಡಿ ಅಳುವುದು. ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಆ ತಾಯಿಗೆ ಫೋನ್ ಮಾಡಿ ಮಾತಾಡಿದರು. ನಾವೂ ಅದನ್ನು ನೋಡಿ ಡ್ಯೂಟಿ ರೂಮಿನಲ್ಲಿ ಅತ್ತೆವು. ಕಣ್ಣು ಒರೆಸಿಕೊಂಡು ನಾನು ಹಳೇ ಮೂರು ಖಾನೆಯಲ್ಲೇ ಮತ್ತೆ ಚಾರ್ಟ್ ಬರೆದೆ. ವಿಡಿಯೋದಲ್ಲಿದ್ದ ಮಗು ಕಾಣಿಸಿತು, ನನ್ನ ವಾರ್ಡಿನವರ ಮಕ್ಕಳು ಕಾಣಿಸಲಿಲ್ಲ.

ನನ್ನ ಜೊತೆ ನರ್ಸಿಂಗ್ ಓದಿದವಳೊಬ್ಬಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲೂ 2020ರ ಮಾರ್ಚ್‌ನಲ್ಲೇ ಶಾಲೆ ಮುಚ್ಚಿದರು. ಆದರೆ ಆಸ್ಪತ್ರೆ, ಪೊಲೀಸ್, ದಿನಸಿ ಸರಬರಾಜು ಇಂಥ ಕೆಲಸದವರ ಮಕ್ಕಳಿಗೆ ಮಾತ್ರ ಬಾಗಿಲು ತೆರೆದಿಟ್ಟಿದ್ದರು. "ಕ್ಲಾಸಲ್ಲಿ ಏಳೇ ಮಕ್ಕಳು ಕಣೇ" ಅಂತ ವಾಟ್ಸ್ಯಾಪಲ್ಲಿ ಹೇಳಿದ್ದಳು. ನಮ್ಮಲ್ಲಿ ಅಂಗನವಾಡಿ ಮುಚ್ಚಿದರೂ ಕಾರ್ಯಕರ್ತೆಯರು ಮಕ್ಕಳ ಪಾಲಿನ ದಿನಸಿಯನ್ನು ಮನೆಗೇ ಮುಟ್ಟಿಸಿದರು. ಅದು ಸಣ್ಣ ಕೆಲಸ ಅಲ್ಲ, ಅವರೂ ತಮ್ಮ ಮಕ್ಕಳನ್ನು ಬಿಟ್ಟೇ ಬಂದವರು. ಆದರೆ ನಮ್ಮ ಆಯಾಗೆ ಅಂಗನವಾಡಿಯಿಂದ ಸಿಗುತ್ತಿದ್ದದ್ದು ಬರೀ ಬೇಳೆ, ಬೆಲ್ಲ, ಹಾಲಿನ ಪುಡಿ ಅಲ್ಲ. ಬೆಳಗ್ಗೆಯಿಂದ ಮಧ್ಯಾಹ್ನದ ತನಕ ಹುಡುಗ ಒಂದು ಕಡೆ ಕ್ಷೇಮವಾಗಿ ಇರುತ್ತಿದ್ದ. ಆ ಹೊತ್ತನ್ನು ಚೀಲದಲ್ಲಿ ಕಟ್ಟಿ ಕೊಡಲು ಆಗುತ್ತದೆಯೇ?

ಕಾನೂನು ಇಲ್ಲವೇ ಅಂತ ಕೆಲವರು ಕೇಳುತ್ತಾರೆ. ಇದೆ. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆಗೆ ತಿದ್ದುಪಡಿ ಬಂದು, 50 ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾಯಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಬಹುದು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ ಇಡೀ ಸೇವೆಯಲ್ಲಿ 180 ದಿನದ ಶಿಶುಪಾಲನಾ ರಜೆಯನ್ನೂ ಕೊಟ್ಟಿತು. ಒಳ್ಳೆಯದೇ. ಕಂಟ್ರಾಕ್ಟ್ ಆಯಾಗೆ ಅದು ಸಿಗುವುದಿಲ್ಲ. ಸಿಗುವವರಿಗೂ ಆಸ್ಪತ್ರೆ ತುಂಬಿ ತುಳುಕುವ ವಾರದಲ್ಲಿ ಯಾರು ಸ್ಯಾಂಕ್ಷನ್ ಮಾಡುತ್ತಾರೆ? ನಾನೇ ಮಾಡುವುದಿಲ್ಲ. 2021ರ ಮೇ ತಿಂಗಳಲ್ಲಿ, ಎರಡನೇ ಅಲೆಯಲ್ಲಿ, ನನ್ನ ಟೇಬಲ್ ಮೇಲೆ ಬಂದ ರಜೆ ಚೀಟಿಗಳನ್ನು ನಾನು ಓದದೆ ಡ್ರಾಯರ್‌ಗೆ ಹಾಕಿದ್ದೂ ಉಂಟು.

ಆ ಎರಡನೇ ಅಲೆಯಲ್ಲಿ ನಮ್ಮನ್ನು ಕಾಪಾಡಿದ್ದು ಆ ಪೆನ್ಸಿಲ್ ಕಾಲಂ. ಯಾರಿಗೆ ಯಾವ ಹೊತ್ತು ಕಷ್ಟ ಅಂತ ಮೊದಲೇ ಗೊತ್ತಿತ್ತು. ಹಿಂದಿನ ವರ್ಷದ ಹಾಗೆ ಬೆಳಗ್ಗೆ ಏಳೂವರೆಗೆ "ಹೊಟ್ಟೆನೋವು ಸಿಸ್ಟರ್" ಅನ್ನುವ ಫೋನುಗಳು ಬಹಳ ಕಡಿಮೆಯಾದವು. "ಅತ್ತೆಗೆ ಜ್ವರ, ಮಗು ನೋಡ್ಕೊಳ್ಳೋಕೆ ನಾಳೆ ಯಾರೂ ಇಲ್ಲ" ಅಂತ ಹಿಂದಿನ ರಾತ್ರಿಯೇ ನಿಜ ಹೇಳುತ್ತಿದ್ದರು. ಸುಳ್ಳು ಕಾರಣ ಬೆಳಗ್ಗೆ ಬರುತ್ತದೆ, ನಿಜವಾದ ಕಾರಣ ರಾತ್ರಿಯೇ ಬರುತ್ತದೆ. ಬದಲಿ ಹುಡುಕಲು ನನಗೆ ಆ ಹನ್ನೆರಡು ಗಂಟೆ ಚಿನ್ನ.

ಆಯಾಳ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಅವಳನ್ನು ಮಧ್ಯಾಹ್ನದ ಶಿಫ್ಟ್‌ಗೆ ಹಾಕಿದೆ. ಬೆಳಗ್ಗೆ ಚಿಕ್ಕವನ ಕೆಲಸವೆಲ್ಲ ಮುಗಿಸಿ, ಉಣ್ಣಿಸಿ, ಮಲಗಿಸಿ ಬರುತ್ತಿದ್ದಳು. ಎಲ್ಲಾ ಸರಿಹೋಯಿತು ಅಂದುಕೊಂಡೆ. ಆದರೆ ದೊಡ್ಡ ಹುಡುಗಿ? ಮನೆಯಲ್ಲಿದ್ದದ್ದು ಒಂದೇ ಸ್ಮಾರ್ಟ್‌ಫೋನ್, ಅದು ಅಮ್ಮನ ಜೊತೆ ಡ್ಯೂಟಿಗೆ ಬರುತ್ತಿತ್ತು. ಚಂದನ ಟಿವಿಯಲ್ಲಿ ಪಾಠ ಬರುವ ಹೊತ್ತಿಗೆ ತಮ್ಮನಿಗೆ ಕಾರ್ಟೂನ್ ಬೇಕು. ವಿದ್ಯಾಗಮ ಅಂತ ಮೇಷ್ಟ್ರುಗಳೇ ಬೀದಿಗೆ, ದೇವಸ್ಥಾನದ ಜಗಲಿಗೆ ಬಂದು ಪಾಠ ಮಾಡಿದರು. ಅಲ್ಲಿಗೂ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗುತ್ತಿದ್ದಳಂತೆ. 2020ರ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ಕ್ಲಾಸಿನವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ, ಅಂಗನವಾಡಿ ನವೆಂಬರ್ 8ಕ್ಕೆ. ಅಷ್ಟು ದಿನ ನಮ್ಮ ವಾರ್ಡಿನ ನೆಲ ಒರೆಸಿದ್ದು ಅಮ್ಮ, ಆ ಅಮ್ಮನನ್ನು ಡ್ಯೂಟಿಗೆ ಕಳಿಸಿದ್ದು ಒಂಬತ್ತು ತುಂಬಿ ಹತ್ತಕ್ಕೆ ಬಿದ್ದ ಹುಡುಗಿ. ನನ್ನ ಕಾಲಂನಲ್ಲಿ "ಮಗು ಯಾರ ಹತ್ತಿರ" ಅನ್ನುವ ಕಡೆ ನಾನೇ ನನ್ನ ಕೈಯಾರೆ "ಅಕ್ಕ" ಅಂತ ಬರೆದಿದ್ದೆ. ಬರೆಯುವಾಗ ಅದು ಉತ್ತರದ ಹಾಗೆ ಕಂಡಿತ್ತು. ಈಗ ಹಾಗೆ ಬರೆಯುವುದಿಲ್ಲ. ಉತ್ತರ ಇನ್ನೊಂದು ಮಗು ಆಗಿದ್ದರೆ ಆ ಜಾಗ ಖಾಲಿ ಬಿಡುತ್ತೇನೆ, ಖಾಲಿ ಕಂಡರೆ ಏನಾದರೂ ಮಾಡಲೇಬೇಕು ಅನ್ನಿಸುತ್ತದೆ.

ಆಮೇಲೆ ಬಂದ ಮೇಲಿನವರೊಬ್ಬರು ಚಾರ್ಟ್ ನೋಡಿ "ಇದೇನ್ರೀ, ಮನೆ ವಿಷಯ ಎಲ್ಲಾ ಗೋಡೆಗೆ ಅಂಟಿಸಿದ್ದೀರಿ?" ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಯಾರ ಗಂಡ ಎಲ್ಲಿ, ಯಾರ ಅಪ್ಪನಿಗೆ ಏನು ಕಾಯಿಲೆ ಅಂತ ಎಲ್ಲರೂ ಓದುವಂತಿತ್ತು. ಕಾಲಂ ಗೋಡೆಯಿಂದ ನನ್ನ ಡೈರಿಗೆ ಬಂತು.

ಈಗಲೂ ಜೋರು ಮಳೆ ಹಿಡಿದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಕೆಲವೊಮ್ಮೆ ಸುದ್ದಿ ಗೊತ್ತಾಗುವುದು ಬೆಳಗ್ಗೆಯೇ. ಮಕ್ಕಳಿಗೆ ಹಬ್ಬ, ನಮಗೆ ಫೋನು. ಕಳೆದ ಸಲ ಆರೂ ಹತ್ತಕ್ಕೆ ಮೆಸೇಜ್ ಬಂತು. ಆರೂವರೆಯೊಳಗೆ ಮೂವರು ಸಿಸ್ಟರ್‌ಗಳು ಫೋನ್ ಮಾಡಿದರು. ಡೈರಿ ತೆಗೆದು ನೋಡಿದೆ. ನಾಲ್ಕನೇ ಹೆಸರು ಹೊಸದಾಗಿ ಕಂಟ್ರಾಕ್ಟ್‌ನಲ್ಲಿ ಸೇರಿದ ಆಯಾಳದ್ದು, ಎರಡನೇ ಕ್ಲಾಸಿನ ಮಗ. ಅವಳಿಂದ ಫೋನ್ ಬಂದಿರಲಿಲ್ಲ. ಇಂಥವರು ಮಾಡುವುದೂ ಇಲ್ಲ. ನಾನೇ ಮಾಡಿದೆ.

"ಪಕ್ಕದ್ಮನೆ ಅಜ್ಜಿ ಹತ್ರ ಬಿಟ್ಟಿದೀನಿ ಸಿಸ್ಟರ್. ಏನೂ ತೊಂದ್ರೆ ಇಲ್ಲ."

"ಎಷ್ಟೊತ್ತಿನ ತನಕ?"

ಸ್ವಲ್ಪ ಹೊತ್ತು ಮಾತಿಲ್ಲ. "ಹನ್ನೊಂದ್ರ ತನಕ" ಅಂದಳು.

ಪೆನ್ಸಿಲಲ್ಲಿ ಹನ್ನೊಂದು ಅಂತ ಬರೆದುಕೊಂಡು, ಅವಳ ಬದಲಿಗೆ ಹನ್ನೊಂದಕ್ಕೆ ಬರಲು ಯಾರಿದ್ದಾರೆ ಅಂತ ನೋಡತೊಡಗಿದೆ.