ನೆಟ್ ಹೋದಾಗ ತೋಟಕ್ಕೆ ನೀರು ಬಿಡುವವರು ಯಾರು?

ಕೆಳಗೆ ಎಡ್ಜ್ (ಯಂತ್ರದ ಪಕ್ಕದ ಬೋರ್ಡು), ನಡುವೆ ಫಾಗ್ (ಸ್ಥಳದಲ್ಲೇ ಇರುವ ಚಿಕ್ಕ ಕಂಪ್ಯೂಟರ್), ಮೇಲೆ ಕ್ಲೌಡ್ (ನೆಟ್‌ನಾಚೆಯ ಸರ್ವರ್) ಎಂದು ಮೂರು ಡಬ್ಬಿ ಬರೆದು ಬಾಣ ಎಳೆಯುವುದು ಸುಲಭ. ಯಾವ ಕೆಲಸ ಯಾವ ಡಬ್ಬಿಗೆ ಎಂದು ಕೇಳಿದಾಗ ತಕರಾರು ಶುರು. ಹೆಚ್ಚಿನವರು ವೇಗದ ಮಾತೆತ್ತುತ್ತಾರೆ. ಆದರೆ ಫೈಬರ್ ಕೇಬಲ್‌ನಲ್ಲಿ ಬೆಳಕು 1,000 ಕಿ.ಮೀ. ದಾಟಲು ಸುಮಾರು 5 ಮಿಲಿಸೆಕೆಂಡ್ ಸಾಕು. ವಾಲ್ವ್ ಅರ್ಧ ಸೆಕೆಂಡ್ ತಡವಾಗಿ ತೆರೆದರೆ ಅಡಿಕೆ ಮರಕ್ಕೇನೂ ಆಗದು. ಕೇಳಬೇಕಾದ್ದು ಬೇರೆ: ಮೇಲಿನ ಕೊಂಡಿ ಕಡಿದರೆ ಈ ಕೆಲಸ ಎಷ್ಟು ಹೊತ್ತು ಕಾಯುತ್ತದೆ?

ಒಂದು ಅಡಿಕೆ ತೋಟವನ್ನೇ ತೆಗೆದುಕೊಳ್ಳಿ. ಒಂದು ಬೋರ್‌ವೆಲ್, ಡ್ರಿಪ್ ಲೈನಿಗೆ 8 ವಾಲ್ವ್, ಮಣ್ಣಿನ ತೇವ ಅಳೆಯುವ 40 ಸೆನ್ಸರ್. ಪಂಪ್‌ಹೌಸಿನಲ್ಲಿ ಒಂದು ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಅದಕ್ಕೊಂದು ಸಿಮ್ ಹಾಕಿದ ರೂಟರ್. ಈ ಪೈ ಪೆಟ್ಟಿಗೆಯೇ ಇಲ್ಲಿ ಫಾಗ್. ಸಿಸ್ಕೊದವರು 2012ರ ಹೊತ್ತಿಗೆ ಚಲಾವಣೆಗೆ ತಂದ ಈ ಹೆಸರು ಕೇಳಲು ದೊಡ್ಡದು, ವಸ್ತು ಇಷ್ಟೇ.

ಒಂದು ಕ್ಷಣವೂ ಕಾಯಲಾಗದ ಕೆಲಸ ಎಡ್ಜ್‌ನದು. ಬೋರ್‌ವೆಲ್‌ನಲ್ಲಿ ನೀರು ಇಳಿದರೆ ಮೋಟಾರ್ ನಿಲ್ಲಿಸುವ ಡ್ರೈ ರನ್ ರಕ್ಷಣೆ ಸ್ಟಾರ್ಟರ್ ಪೆಟ್ಟಿಗೆಯ ರಿಲೇಯಲ್ಲೇ ಇರಬೇಕು. ಅದನ್ನು ಪೈಗೂ ಒಪ್ಪಿಸಬೇಡಿ. ವಾಲ್ವ್‌ನದೂ ಹಾಗೆಯೇ. ‘ತೆರೆ’, ‘ಮುಚ್ಚು’ ಎಂದು ಎರಡು ಸಂದೇಶ ಕಳಿಸುವ ವಿನ್ಯಾಸದಲ್ಲಿ ಎರಡನೆಯದು ಕಳೆದುಹೋದರೆ ರಾತ್ರಿಯಿಡೀ ನೀರು ಹರಿಯುತ್ತದೆ. ‘20 ನಿಮಿಷ ತೆರೆ’ ಎಂದು ಒಂದೇ ಆಜ್ಞೆ ಕೊಡಿ; ಮುಚ್ಚುವ ಹೊಣೆ ವಾಲ್ವ್ ಪಕ್ಕದ ಬೋರ್ಡಿನದು.

ಸೆನ್ಸರ್‌ಗಳಿಂದ ಪೈವರೆಗೆ ಲೋರಾ, ಅಂದರೆ ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ರೇಡಿಯೊ. ನಮ್ಮ ದೇಶದಲ್ಲಿ 865–867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ‘ದೂರ ಹೋಗಲಿ’ ಎಂದು ಎಲ್ಲವನ್ನೂ ಸ್ಪ್ರೆಡಿಂಗ್ ಫ್ಯಾಕ್ಟರ್ (ಏರಿಸಿದಷ್ಟೂ ದೂರ ಹೆಚ್ಚು, ವೇಗ ಕಡಿಮೆ) 12ಕ್ಕೆ ಇಡುವುದು ಸಾಮಾನ್ಯ ತಪ್ಪು. 125 ಕಿಲೋಹರ್ಟ್ಸ್ ಅಗಲದಲ್ಲಿ 20 ಬೈಟ್ ಕಳಿಸಲು ಅದು 1.3 ಸೆಕೆಂಡ್ ತಿನ್ನುತ್ತದೆ; ಫ್ಯಾಕ್ಟರ್ 7ರಲ್ಲಿ 57 ಮಿಲಿಸೆಕೆಂಡ್ ಸಾಕು. 40 ಸೆನ್ಸರ್ 10 ನಿಮಿಷಕ್ಕೊಮ್ಮೆ ಒಂದೇ ಚಾನೆಲ್‌ನಲ್ಲಿ ಮಾತಾಡಿದರೆ ಮೊದಲನೆಯ ಲೆಕ್ಕದಲ್ಲಿ ಹೆಚ್ಚುಕಡಿಮೆ ಆರಕ್ಕೊಂದು ಸಂದೇಶ ಡಿಕ್ಕಿಯಲ್ಲಿ ಹಾಳು, ಎರಡನೆಯದರಲ್ಲಿ ನೂರಕ್ಕೆ ಒಂದೂ ಇಲ್ಲ. 7ರಿಂದ ಶುರುಮಾಡಿ, ತಲುಪದ ಸೆನ್ಸರಿಗಷ್ಟೇ ಏರಿಸಿ. ಕಳಿಸುವ ಹೊತ್ತನ್ನು ಕೆಲವು ಸೆಕೆಂಡ್ ಹಿಂದೆಮುಂದೆ ಮಾಡಿ, ಇಲ್ಲದಿದ್ದರೆ ಎರಡು ಸೆನ್ಸರ್ ಒಮ್ಮೆ ಹೆಜ್ಜೆ ಕೂಡಿಸಿಕೊಂಡರೆ ದಿನಗಟ್ಟಲೆ ಡಿಕ್ಕಿ ಹೊಡೆಯುತ್ತಲೇ ಇರುತ್ತವೆ.

ಈಗ ಪೈ. ಯಾವ ವಾಲ್ವ್, ಎಷ್ಟು ಹೊತ್ತು, ತ್ರೀ ಫೇಸ್ ಕರೆಂಟ್ ಇದೆಯೇ ಎಂಬುದೆಲ್ಲ ಇಲ್ಲೇ ತೀರ್ಮಾನವಾಗಬೇಕು, ನೆಟ್ ಎರಡು ದಿನ ಇಲ್ಲದಿದ್ದರೂ. ತೊಂದರೆಗಳ ರಾಶಿಯೂ ಇಲ್ಲೇ. ಪೈ 4ರಲ್ಲಿ ಬ್ಯಾಟರಿಯ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದಾಗ ನೆಟ್ ಇಲ್ಲದಿದ್ದರೆ ಅದು ಹಿಂದೆ ಬರೆದಿಟ್ಟ ಹೊತ್ತಿನಿಂದಲೇ ಎಣಿಕೆ ಮುಂದುವರಿಸುತ್ತದೆ. ಸೆನ್ಸರ್‌ಗಳಿಗೂ ಗಡಿಯಾರವಿರದ ಕಾರಣ ಎಲ್ಲ ಅಳತೆಗೂ ತಪ್ಪು ಸಮಯ ಬೀಳುತ್ತದೆ. ಡಿಎಸ್3231 ಗಡಿಯಾರದ ಮಾಡ್ಯೂಲ್ ಮೊದಲ ದಿನವೇ ಹಾಕಿ. ಎಸ್‌ಡಿ ಕಾರ್ಡಿನ ಬದಲು ಎಸ್‌ಎಸ್‌ಡಿ ಬಳಸಿ, ಚಿಕ್ಕ ಯುಪಿಎಸ್ ಕೊಡಿ.

ಸಂದೇಶಗಳನ್ನು ಸಾಗಿಸಲು ಎಂಕ್ಯೂಟಿಟಿ ಎಂಬ ಹಗುರ ವಿಧಾನ, ಅವನ್ನು ಪಡೆದು ಹಂಚುವ ಬ್ರೋಕರ್ ಆಗಿ ಮಸ್ಕೀಟೊ ತಂತ್ರಾಂಶ. ‘ಕ್ಲೌಡಿನ ಬ್ರೋಕರಿಗೆ ಬ್ರಿಡ್ಜ್ ಹಾಕಿದ್ದೇನೆ, ನೆಟ್ ಬಂದಾಗ ತಾನೇ ಕಳಿಸುತ್ತದೆ’ ಎಂದು ನೆಮ್ಮದಿಯಾಗಿರುವವರಿಗೆ ಒಂದು ಲೆಕ್ಕ. ಗಂಟೆಗೆ 240 ಸಂದೇಶ. ಎರಡನೇ ಆವೃತ್ತಿಯ ಮಸ್ಕೀಟೊದಲ್ಲಿ ಸರತಿಯ ಮಿತಿ, ನೀವು ಬದಲಿಸದಿದ್ದರೆ, 1,000. ಅಂದರೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಸರತಿ ಭರ್ತಿ. ಆಮೇಲೆ ಬಂದದ್ದೆಲ್ಲ ಕಸಕ್ಕೆ. ಕ್ಯೂಒಎಸ್ 0 (ತಲುಪಿತೇ ಎಂದು ನೋಡದೆ ಒಮ್ಮೆ ಕಳಿಸಿ ಬಿಡುವ ಕ್ರಮ) ಇಟ್ಟಿದ್ದರೆ ಸರತಿಯೇ ಇಲ್ಲ. ಸರತಿಯನ್ನು ಡಿಸ್ಕಿಗೆ ಬರೆಯಲು ಹೇಳಿದ್ದರೂ ಅದು ಬರೆಯುವುದು 1,800 ಸೆಕೆಂಡಿಗೊಮ್ಮೆ. ನಡುವೆ ಕರೆಂಟ್ ಹೋದರೆ ಅರ್ಧ ಗಂಟೆಯ ಮಾಹಿತಿ ಹೋದಂತೆ.

ಹಾಗಾಗಿ ಬ್ರೋಕರನ್ನು ನೆಚ್ಚದೆ, ಬಂದ ಅಳತೆಯನ್ನು ಮೊದಲು ಎಸ್‌ಕ್ಯೂಲೈಟ್ ಡೇಟಾಬೇಸಿನ ಟೇಬಲ್ಲಿಗೆ ಬರೆಯಿರಿ, ಆಮೇಲೆ ಕಳಿಸಿ. ಸ್ವೀಕೃತಿ ಬಂದ ತಕ್ಷಣ ಅಳಿಸಬೇಡಿ. ಆ ಸ್ವೀಕೃತಿ ಹೇಳುವುದು ಕ್ಲೌಡಿನ ಬ್ರೋಕರಿಗೆ ಮುಟ್ಟಿತು ಎಂದಷ್ಟೇ, ಅಲ್ಲಿನ ಡೇಟಾಬೇಸಿಗೆ ಸೇರಿತು ಎಂದಲ್ಲ. ಏಳು ದಿನ ಇಟ್ಟುಕೊಳ್ಳಿ. ಕೊಂಡಿ ಮರಳಿದಾಗ ಹೊಸ ಅಳತೆ ಮೊದಲು ಹೋಗಲಿ, ಬಾಕಿಯದು ನೂರು ನೂರರ ಕಂತಿನಲ್ಲಿ ಹಿಂದಿನಿಂದ ಬರಲಿ.

ಒಂದೇ ಅಳತೆ ಎರಡು ಸಲ ಹೋಗುವುದಂತೂ ಖಚಿತ. ಕ್ಲೌಡಿನಲ್ಲಿ ಸೆನ್ಸರ್ ಸಂಖ್ಯೆ ಮತ್ತು ಪ್ರತಿ ಅಳತೆಗೆ ಅದು ಕೊಡುವ ಕ್ರಮಸಂಖ್ಯೆ ಸೇರಿಸಿ ಯೂನಿಕ್ ಇಂಡೆಕ್ಸ್ (ಒಂದೇ ಗುರುತು ಎರಡು ಸಲ ಸೇರದಂತೆ ತಡೆಯುವ ಸೂಚಿ) ಮಾಡಿದರೆ ನಕಲು ತಾನೇ ಉದುರುತ್ತದೆ. ಆದರೆ ಬ್ಯಾಟರಿ ಬದಲಿಸಿದಾಗ ಸೆನ್ಸರಿನ ಕ್ರಮಸಂಖ್ಯೆ ಸೊನ್ನೆಗೆ ಮರಳಿದರೆ? ಹೊಸ ಅಳತೆಗಳನ್ನೂ ನಕಲೆಂದು ಬಗೆದು ಕ್ಲೌಡ್ ಸದ್ದಿಲ್ಲದೆ ಎಸೆಯುತ್ತದೆ. ಸೆನ್ಸರ್ ಎಷ್ಟನೇ ಸಲ ಬೂಟ್ ಆಯಿತು ಎಂಬ ಸಂಖ್ಯೆಯನ್ನು ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್‌ನಲ್ಲಿ ಉಳಿಸಿ ಅದನ್ನೂ ಗುರುತಿಗೆ ಸೇರಿಸಿ.

ಕ್ಲೌಡಿಗೆ ಉಳಿಯುವುದು ದಿನಗಟ್ಟಲೆ ಕಾಯಬಲ್ಲ ಕೆಲಸ: ವರ್ಷಗಳ ದಾಖಲೆ, ತೇವದ ಮಿತಿಗಳ ಪರಿಷ್ಕರಣೆ, ಮೊಬೈಲ್‌ನಲ್ಲಿ ಕಾಣುವ ಪರದೆ. ಅಲ್ಲಿಂದ ಇಳಿದು ಬರುವ ಮಿತಿಗಳಿಗೆ ಆವೃತ್ತಿ ಸಂಖ್ಯೆ ಇರಲಿ, ಆಜ್ಞೆಗಳಿಗೆ ಅವಧಿ ಇರಲಿ. ‘ಪಂಪ್ ಆನ್’ ಸಂದೇಶಕ್ಕೆ ರಿಟೇನ್ ಗುರುತು (ಕೊನೆಯ ಸಂದೇಶವನ್ನು ಬ್ರೋಕರ್ ಇಟ್ಟುಕೊಂಡು, ಆಮೇಲೆ ಸೇರಿದವರಿಗೂ ಕೊಡಲಿ ಎಂಬ ಸೂಚನೆ) ಹಾಕಲೇಬೇಡಿ. ಪೈ ಮತ್ತೆ ಸಂಪರ್ಕಕ್ಕೆ ಬಂದಾಗ ನಿನ್ನೆಯ ಆಜ್ಞೆ ಇಂದು ಮೋಟಾರ್ ಓಡಿಸುತ್ತದೆ. ಎಂಕ್ಯೂಟಿಟಿ 5ರಲ್ಲಿ ಸಂದೇಶಕ್ಕೆ ಆಯುಸ್ಸು ಕೊಡುವ ಸೌಲಭ್ಯವಿದೆ, 60 ಸೆಕೆಂಡ್ ಸಾಕು.

ಡೇಟಾ ಉಳಿತಾಯದ ಮಾತು ಇಲ್ಲಿ ದಂಡ: ದಿನಕ್ಕೆ 5,760 ಸಂದೇಶ, ಒಂದಕ್ಕೆ 150 ಬೈಟ್ ಎಂದರೂ ಒಂದು ಎಂಬಿಗಿಂತ ಕಡಿಮೆ. ಕ್ಯಾಮೆರಾ ಸೇರಿದರೆ ಬೇರೆ ಕಥೆ. ಸೆಕೆಂಡಿಗೆ 2 ಮೆಗಾಬಿಟ್‌ನ ಒಂದೇ ಕ್ಯಾಮೆರಾ ದಿನಕ್ಕೆ 21.6 ಜಿಬಿ; ಅದನ್ನು ಪೈಯಲ್ಲೇ ಸೋಸಬೇಕು.

ಎಲ್ಲ ಜೋಡಿಸಿದ ಮೇಲೆ ರೂಟರಿನ ಸಿಮ್ ಕಿತ್ತು ಆರು ಗಂಟೆ ಬಿಡಿ. ಸಿಮ್ ಮರಳಿ ಹಾಕಿ, ಬಾಕಿ ಹೋಗುತ್ತಿರುವಾಗಲೇ ಯುಪಿಎಸ್ ಸಮೇತ ಪೈಯ ಕರೆಂಟ್ ತೆಗೆಯಿರಿ. ಮತ್ತೆ ಚಾಲೂ ಮಾಡಿ, ಕ್ಲೌಡಿನಲ್ಲಿ ಪ್ರತಿ ಸೆನ್ಸರಿನ ಕ್ರಮಸಂಖ್ಯೆಯಲ್ಲಿ ಎಲ್ಲಿ ತೂತು ಬಿದ್ದಿದೆ ಎಂದು ಎಣಿಸಿ. ಪರೀಕ್ಷೆಯನ್ನು ನಾಲ್ಕು ಗಂಟೆಗೇ ಮುಗಿಸಿದರೆ ಆ ಸಾವಿರದ ಮಿತಿ ಕಣ್ಣಿಗೇ ಬೀಳುವುದಿಲ್ಲ.