ಹೆಸರಿಲ್ಲದ ಕವಿತೆ

ಕಾಲೇಜಲ್ಲಿ ಇಂಗ್ಲಿಷ್ ಓದುವವರಿಗೆ ಪ್ರಬಂಧ ಬರವಣಿಗೆ ಒಂದು ಪೇಪರ್, ಸಾಹಿತ್ಯ ಇನ್ನೊಂದು. ನನಗೆ ಅವೆರಡೂ ಒಂದೇ ಕೆಲಸ ಅನ್ನಿಸುತ್ತದೆ.

ಈ ವಾರ ಪೂರ್ತಿ ಇಂಗ್ಲಿಷ್ ಸಾಹಿತ್ಯ ವಿಮರ್ಶಕ ಐ.ಎ. ರಿಚರ್ಡ್ಸ್ ಬಗ್ಗೆಯೇ ಯೋಚನೆ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಪಾಠ ಮಾಡುತ್ತಿದ್ದ ಇವರು ವಿದ್ಯಾರ್ಥಿಗಳಿಗೆ ಕವಿತೆಗಳನ್ನು ಕೊಡುತ್ತಿದ್ದರು, ಆದರೆ ಬರೆದವರು ಯಾರು ಅಂತ ಹೇಳುತ್ತಿರಲಿಲ್ಲ, ಓದಿ ಅನ್ನಿಸಿದ್ದನ್ನು ಬರೆದು ತನ್ನಿ ಅಂತ ಅಷ್ಟೇ. ಜಾನ್ ಡನ್, ಹಾಪ್ಕಿನ್ಸ್ ಅಂಥ ಹೆಸರಾಂತ ಇಂಗ್ಲಿಷ್ ಕವಿಗಳ ಪದ್ಯಗಳೂ ಅದರಲ್ಲಿದ್ದವು. ಎಷ್ಟೋ ಜನ ಅವನ್ನು ಇಷ್ಟಪಡಲಿಲ್ಲ! ಆ ಉತ್ತರಗಳನ್ನೆಲ್ಲ ಬಿಡಿಸಿ ನೋಡಿ 1929ರಲ್ಲಿ ಪುಸ್ತಕ ಮಾಡಿದರು.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಬರೆಯುವ ಭಾಗ. ಹೆಸರು ಗೊತ್ತಿದ್ದರೆ ಗೈಡ್‌ನಲ್ಲಿರುವ ಹೊಗಳಿಕೆಯನ್ನೇ ಬರೆದು ಮುಗಿಸಬಹುದು. ಗೊತ್ತಿಲ್ಲದಿದ್ದಾಗ ಸಾಲುಗಳನ್ನೇ ನೋಡಬೇಕು, ಅಲ್ವಾ? ಯಾವ ಸಾಲು ಹಿಡಿದು ನಿಲ್ಲಿಸಿತು, ಎಲ್ಲಿ ಲಯ ಬದಲಾಯಿತು, ಹದಿನಾಲ್ಕು ಸಾಲಿನ ಸಾನೆಟ್ ಆದರೆ ಮಾತು ಎಲ್ಲಿ ತಿರುಗಿತು, ಇದನ್ನೆಲ್ಲ ಹುಡುಕಿ, ಓದುವವರಿಗೆ ಅರ್ಥವಾಗೋ ಹಾಗೆ ಸ್ವಂತ ವಾಕ್ಯದಲ್ಲಿ ಇಡಬೇಕು. ಸುಮ್ನೆ 'ಚೆನ್ನಾಗಿದೆ' ಅಂದರೆ ಸಾಲದು. ಪ್ರಬಂಧ ಪೇಪರ್ ಕಲಿಸಬೇಕಾದ್ದೂ ಇದನ್ನೇ. ವ್ಯಾಕರಣ, ಪ್ಯಾರಾ ಜೋಡಣೆ ಬೇಕು, ನಿಜ. ಆದರೆ ಹೇಳೋಕೆ ಒಂದು ಮಾತು ಸಿಕ್ಕಿದ ಮೇಲೆ ಅವನ್ನು ಕಲಿಯುವ ಆಸೆ ತಾನಾಗಿಯೇ ಜಾಸ್ತಿ ಆಗುತ್ತದೆ.

ಇಂಗ್ಲಿಷ್ ಪಾಠ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಒಂದು ಕ್ಲಾಸಿಗಾದರೂ ಹೆಸರು ತೆಗೆದು ಕವಿತೆ ಕೊಟ್ಟು ನೋಡಿ.